ತಮ್ಮ ಮನೆಯನ್ನೇ ಬೈಯುತ್ತಿದ್ದ ಪೇಷ್ಕಾರರು

ಹೊಸ ಬಣ್ಣದ ವಾಸನೆ ನನಗೆ ಆಗುವುದಿಲ್ಲ, ಮೂಗಿಗೆ ಬಡಿದರೆ ಸಾಕು ತಲೆ ಹಿಡಿದುಕೊಳ್ಳುತ್ತದೆ. ಮೊನ್ನೆ ರಾಯಚೂರಿನಲ್ಲಿ ಮೊಮ್ಮಗಳು ಯಾವುದೋ ಹಳೆಯ ಮನೆ ಕೊಳ್ಳುವ ವಿಚಾರದಲ್ಲಿದ್ದವಳು ನನ್ನನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದಳು. ಬಾಗಿಲು ತೆಗೆದ ಕೂಡಲೇ ಬಣ್ಣದ ವಾಸನೆ ಗಪ್ಪೆಂದು ಬಂತು. ಹಿಂದೆಯೇ ಮಾರುವಾತನೂ ನಗುನಗುತ್ತ ಬಂದ. ಗಾಳಿ ಬೆಳಕು ಕೇಳುವುದೇ ಬೇಡವಂತೆ, ನೀರು ಅಮೃತವಂತೆ, ನೆರೆಹೊರೆಯವರು ದೇವರಂಥವರಂತೆ, ನಕ್ಷೆ ಬಿಟ್ಟು ಒಂದು ಇಟ್ಟಿಗೆಯೂ ಆಚೀಚೆ ಇಲ್ಲವಂತೆ. ಮೊಮ್ಮಗಳು ತಲೆದೂಗುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಸಂಶಯ. ಮಾರುವವನು ತನ್ನ ಮನೆಯನ್ನು ಹೀಗೆ ಹೊಗಳಿದರೆ ನನಗೆ ನಂಬಿಕೆಯೇ ಹುಟ್ಟುವುದಿಲ್ಲ, ಏನು ಮಾಡಲಿ? ನನ್ನ ಜನ್ಮದಲ್ಲಿ ನಾವು ಮನೆ ಅಂತ ಕೊಂಡದ್ದು ಒಂದೇ ಒಂದು. ಅದನ್ನು ಮಾರಿದ ಪುಣ್ಯಾತ್ಮ ತನ್ನ ಮನೆಯನ್ನು ತಾನೇ ಬಾಯಿಗೆ ಬಂದಂತೆ ಬೈದು ಬೈದು ಮಾರಿದ. ಆ ಕಥೆ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕೇಳಿ, ನಿಮಗೂ ಸ್ವಲ್ಪ ಉರಿಯಲಿ.

ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದ ಆ ಪೊಲೀಸ್ ಆಕ್ಷನ್ ಆಗಿ ಮರುವರ್ಷದ ಮಾತು. ಅಲ್ಲಿಯವರೆಗೆ ನಮ್ಮವರು ಮಕ್ತಲದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದದ್ದೇ ತಡ, ಇನ್ನು ಮೇಲೆ ಕನ್ನಡದಲ್ಲಿ ಕಲಿಸಿ ಎಂದು ಹುಕುಂ ಬಂದು, ಅವರನ್ನು ನಾರಾಯಣಪೇಟೆಗೆ ಹಾಕಿದರು. ಅದೇ ಲೆಕ್ಕ, ಅದೇ ಮಾಸ್ತರು, ಭಾಷೆ ಮಾತ್ರ ಬೇರೆ. ಪಾಪ, ಮನೆಯಲ್ಲಿ ಕೂತು 'ಜಮಾ, ತಫ್ರೀಕ್' ಮರೆತು 'ಕೂಡುವುದು, ಕಳೆಯುವುದು' ಎಂದು ಬಾಯಿಪಾಠ ಮಾಡುತ್ತಿದ್ದರು. ಅಲ್ಲಿ ನಾವು ಒಬ್ಬ ಅರ್ಚಕರ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆವು. ಅರ್ಚಕರು ಒಳ್ಳೆಯವರೇ. ದೇವರ ಕೆಲಸದಲ್ಲಿ ಅವರಿಗೆ ಮನುಷ್ಯರನ್ನು ನೋಡಲು ಪುರುಸೊತ್ತಿರಲಿಲ್ಲ. ಅವರ ಹೆಂಡತಿಗೆ ಮಾತ್ರ ನನ್ನನ್ನು ನೋಡುವುದೇ ಕೆಲಸ.

ಆ ಮಹಾತಾಯಿಯ ಮಡಿ ಅಂದರೆ ಮಡಿ! ನಾನು ಬಾವಿಯ ಹತ್ತಿರ ಹೋದರೆ "ಕೈ ತೊಳಕೊಂಡೀಯೇನು?" ಕೊಡ ಎತ್ತಿದರೆ "ಸೆರಗು ಹಿಡಕೋ, ನನ್ನ ಕೊಡಕ್ಕ ತಾಕೀತು." ಗಳದ ಮೇಲೆ ಒಣಗುತ್ತಿದ್ದ ಅವಳ ಮಡಿಸೀರೆಯ ಕೆಳಗೆ ನಾನು ಬಗ್ಗಿ ಹೋದರೂ ಸೀರೆಗೆ ಮೈಲಿಗೆ. ಅದನ್ನು ಮತ್ತೆ ನೆನೆಸುವುದು, ಹಿಂಡುವುದು, ಹಿಂಡುವಾಗ ನನ್ನ ತವರಿನವರ ಹೆಸರು ಹಿಡಿದು ಗೊಣಗುವುದು. ನಾನೂ ವೈಷ್ಣವರ ಮಗಳೇ, ಮಡಿ ನನಗೇನು ಹೊಸದಲ್ಲ. ಹಬ್ಬಕ್ಕೆ ಹುಣ್ಣಿಮೆಗೆ ನಾನೂ ಮಾಡುತ್ತಿದ್ದೆ. ಆದರೆ ಬೆಳಗಾದರೆ ಒಬ್ಬರು ನಮ್ಮ ಹಿಂದೆ ಪಹರೆಗೆ ನಿಂತರೆ ಯಾರಿಗೆ ತಾನೇ ಸಾಕಾಗುವುದಿಲ್ಲ? ಒಂದು ದಿನ ನಮ್ಮವರು ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: "ನೋಡ್ರಿ, ನನಗ ಬಂಗಾರ ಬ್ಯಾಡ, ಗದ್ವಾಲ ಸೀರಿ ಬ್ಯಾಡ. ನನ್ನ ಬಾವಿ ಅಂತ ಒಂದು ಬಾವಿ, ನನ್ನ ಅಂಗಳ ಅಂತ ಒಂದು ಅಂಗಳ, ಅಷ್ಟು ಇರೋ ಮನಿ ಕೊಡಸ್ರಿ. ಇಲ್ಲಾಂದ್ರ ನಾ ತವರಿಗೆ ಹೋಗ್ತೀನಿ." ನಮ್ಮವರು ಅನ್ನ ಕಲಸುವುದನ್ನು ನಿಲ್ಲಿಸಿ "ನೋಡೋಣ" ಅಂದರು. ಆದರೆ ಆ ಸಲ ನಿಜವಾಗಿಯೂ ನೋಡಿದರು.

ಹಾಗೆ ನೋಡುತ್ತ ಸಿಕ್ಕಿದ್ದು ಪೇಷ್ಕಾರರ ಮನೆ. ಬಜಾರದ ಹಿಂದಿನ ಓಣಿಯಲ್ಲಿ, ನೇಕಾರರ ಮಗ್ಗದ ಸದ್ದು ಕೇಳುವಷ್ಟು ದೂರದಲ್ಲಿ, ಹಳೆಯ ಮಾಳಿಗೆಮನೆ. ಪೇಷ್ಕಾರರೆಂದರೆ ನಿಜಾಮರ ಕಾಲದ ಕಚೇರಿಯಲ್ಲಿ ಜನರ ಅರ್ಜಿಗಳನ್ನು ಸಾಹೇಬರ ಮುಂದೆ ಇಡುತ್ತಿದ್ದವರು. ಯಾವ ಅರ್ಜಿ ಮೇಲೆ ಬರಬೇಕು, ಯಾವುದು ಕೆಳಗೇ ಕೊಳೆಯಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಈಗ ಕೆಲಸ ಬಿಟ್ಟಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮನೆ ಮಾರಿ ಮಂತ್ರಾಲಯಕ್ಕೆ ಹೋಗಿ ಕಡೆಯ ದಿನಗಳನ್ನು ಅಲ್ಲೇ ಕಳೆಯುತ್ತಾರಂತೆ ಎಂದು ಊರಲ್ಲಿ ಸುದ್ದಿಯಿತ್ತು.

ಆ ಮನೆಗೆ ಅವರು ಮಾಡಿದ ಸುಧಾರಣೆಗಳನ್ನು ಏನೆಂದು ಹೇಳಲಿ! ಕಟ್ಟಿದ ಹಿರಿಯರು ನೆಟ್ಟಗೇ ಕಟ್ಟಿದ್ದರು, ಕೆಡಿಸಿದವರು ಇವರು. ಮುಂದಿನ ಕಟ್ಟೆಯನ್ನು ಗಟಾರದ ಮೇಲೆ ಹಾಯಿಸಿ ಓಣಿಯೊಳಕ್ಕೇ ತಂದಿದ್ದರು. ಎತ್ತಿನ ಗಾಡಿ ಬಂತೆಂದರೆ ಕಟ್ಟೆಯ ಮೇಲೆ ಕೂತವರು ಕಾಲು ಮೇಲೆತ್ತಿಕೊಳ್ಳಬೇಕು. ಮಾಳಿಗೆಯ ಮೇಲೊಂದು ಕೋಣೆ ಏರಿಸಿ, ಮೆಟ್ಟಿಲಿಗೆ ಜಾಗ ಬಿಡುವುದನ್ನು ಮರೆತು, ಕಡೆಗೆ ಅಡುಗೆಮನೆಯಲ್ಲಿ ಒಲೆಯ ಮಗ್ಗುಲಿಂದ ಮೆಟ್ಟಿಲು ಹತ್ತಿಸಿದ್ದರು. ಮೇಲೆ ಹೋಗುವವರು ಸಾರಿನ ಹೊಗೆ ಕುಡಿದೇ ಹೋಗಬೇಕು. ನಮ್ಮವರು ನಿಯಮದ ಮನುಷ್ಯ. "ರಾಯರ, ಇದಕ್ಕೆಲ್ಲಾ ಇಜಾಜತ್ ತಗೊಂಡೀರೇನು?" ಎಂದು ಕೇಳಿದರು. ಇಜಾಜತ್ ಎಂದರೆ ಕಚೇರಿಯ ಪರವಾನಗಿ. ಪೇಷ್ಕಾರರು ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಮಾಸ್ತರ, ಊರ ಮಂದಿ ಎಲ್ಲಾ ಇಜಾಜತ್ ಕೇಳಲಿಕ್ಕೆ ನನ್ನ ಹತ್ರ ಬರ್ತಿದ್ರು. ನಾ ಯಾರ ಹತ್ರ ಹೋಗಲಿ?" ಅಂದರು. 

ಹೀಗಿದ್ದರೂ ಆ ಮನೆ ನನ್ನ ಮನಸ್ಸಿಗೆ ಹಿಡಿಸಿತ್ತು. ಹಿಂದೆ ಅಂಗಳವಿದೆ, ಅಂಗಳದಲ್ಲಿ ಬಾವಿಯಿದೆ ಎಂದು ಕೇಳಿದ್ದೆ, ನನಗೆ ಅಷ್ಟು ಸಾಕಿತ್ತು. ಮೊದಲ ದಿನ ಹೋದಾಗ ಪೇಷ್ಕಾರರು ಕಟ್ಟೆಯ ಮೇಲೆ ಕೂತಿದ್ದರು. ಹಣೆಯ ಮೇಲೆ ಅಂಗಾರ, ಅಕ್ಷತೆ. ತೋಳಿನ ಮೇಲೆ ಗೋಪಿಚಂದನದ ಮುದ್ರೆ. ನನ್ನತ್ತ ತಿರುಗಿ ಮೊದಲು ಕೇಳಿದ್ದೇ ಇದು: "ಏನವಾ, ನಿಮ್ಮ ಮನ್ಯಾಗ ಮಡಿ ಹ್ಯಾಂಗ?" ಓಹೋ, ಅರ್ಚಕರ ಹೆಂಡತಿಗಿಂತ ಹೆಚ್ಚಿನವರು ಸಿಕ್ಕರು ಅಂದುಕೊಂಡೆ. ತಮ್ಮ ಮನೆ ತಕ್ಕ ಜನರ ಕೈಗೆ ಹೋಗಲಿ ಎಂಬ ಆಸೆ ಮುದುಕರಿಗೆ ಇರುವುದಿಲ್ಲವೇ? ಸರಿ, ಶುರು ಮಾಡಿದೆ. ನಮ್ಮಲ್ಲಿ ಒದ್ದೆ ಸೀರೆಯಲ್ಲಿಯೇ ಅಡುಗೆ, ಏಕಾದಶಿಗೆ ಹನಿ ನೀರಿಲ್ಲ, ಬಾವಿಯ ಹಗ್ಗ ನಾವಲ್ಲದೆ ಬೇರೆಯವರು ಮುಟ್ಟುವಂತಿಲ್ಲ, ಬೇರೆಯವರ ನೆರಳು ಬಿದ್ದರೂ ನೀರು ಚೆಲ್ಲಿಬಿಡುತ್ತೇನೆ. ಅರ್ಚಕರ ಹೆಂಡತಿಯ ಆಚಾರವನ್ನೆಲ್ಲ ನನ್ನ ಹೆಸರಿಗೆ ಬರೆದುಕೊಂಡೆ ಅನ್ನಿ. ನಮ್ಮವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಪೇಷ್ಕಾರರ ಮುಖ ಮಾತ್ರ ಹುಳಿಮಜ್ಜಿಗೆ ಕುಡಿದವರ ಹಾಗೆ ಆಯಿತು. "ಈ ಮನಿ ನಿಮಗ ತಕ್ಕದ್ದಲ್ಲವಾ" ಅಂದರು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮತ್ತೆ ಹೋದೆವು. ಅವತ್ತಿನಿಂದ ಶುರುವಾಯಿತು ನೋಡಿ ಬೈಗುಳ. ಬಾವಿ ನೀರು ಸವಳು, ಬೇಳೆ ಬೇಯುವುದಿಲ್ಲ ಅಂದರು. ಮಾಳಿಗೆ ಸೋರುತ್ತದೆ ಅಂದರು. ಗೋಡೆಯಲ್ಲಿ ಹಾವಿದೆ, ನಾನೇ ಕಣ್ಣಾರೆ ಕಂಡಿದ್ದೇನೆ ಅಂದರು. ಇನ್ನೊಂದು ಸಲ ಹೋದಾಗ "ಈ ಮನ್ಯಾಗ ನನಗ ಒಂದು ದಿನಾನೂ ಸುಖ ಇಲ್ಲ, ನಿಮಗ್ಯಾಕ ಬೇಕು ಈ ಹಾಳು ಗುಡಿಸಲು?" ಅಂದರು. ಒಂದು ದಿನವೂ ಒಳಗೆ ಬಿಡಲಿಲ್ಲ. ಬೆಳಿಗ್ಗೆ ಬರಬೇಡಿ, ಮಧ್ಯಾಹ್ನ ಬನ್ನಿ ಅನ್ನುವರು. ಮಧ್ಯಾಹ್ನ ಹೋದರೆ ಕಟ್ಟೆಯ ಮೇಲೆಯೇ ಕೂರಿಸಿ ಕಳಿಸುವರು. ಒಮ್ಮೆ ನಾವು ಕೂತಿದ್ದಾಗ ಹಿಂದಿನಿಂದ ರಾಟೆಯ ಕಿರ್ರೆನ್ನುವ ಸದ್ದು ಬಂತು. "ಒಳಗ ಯಾರೋ ನೀರು ಸೇದ್ಲಿಕತ್ತಾರಲ್ರಿ" ಅಂದೆ. ಪೇಷ್ಕಾರರು ಜೋರಾಗಿ ಕೆಮ್ಮಿ, "ಯಾರಿಲ್ಲ. ಆ ರಾಟಿ ಕೆಟ್ಟದ, ಗಾಳಿಗೆ ತಾನ ತಿರುಗ್ತದ" ಅಂದರು. ಆವತ್ತು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ, ಬೆವರು ಸುರಿಯುತ್ತಿತ್ತು. ಮುದುಕರಿಗೆ ತಲೆ ನೆಟ್ಟಗಿಲ್ಲ ಅಂತ ನಮ್ಮವರು, ಮನೆಯಲ್ಲಿ ದೆವ್ವ ಇದೆ ಅಂತ ನಾನು.

ಮಾರಲು ಮನಸ್ಸಿಲ್ಲದಿದ್ದರೆ ಇಲ್ಲ ಅಂದುಬಿಡಬೇಕಷ್ಟೆ? ಅದೂ ಇಲ್ಲ. ನಾವು ಒಂದು ವಾರ ಹೋಗದಿದ್ದರೆ ಶಾಲೆಗೇ ಹೇಳಿ ಕಳಿಸುವರು: ಮಾಸ್ತರು ಯಾಕೆ ಬಂದಿಲ್ಲ? ಹೋದರೆ ಮತ್ತೆ ಅದೇ ಸವಳು ನೀರು, ಅದೇ ಹಾವು. ಕೋಸಗಿಯಿಂದ ಬಂದ ಒಬ್ಬ ವ್ಯಾಪಾರಿಯನ್ನೂ ಹೀಗೆಯೇ ಓಡಿಸಿದರೆಂದು ಕೇಳಿದೆ. ನಾನು ಬಹಳ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದೆ. ನಮ್ಮ ಮಡಿಯ ಮೇಲೆ ಈ ಮುದುಕರಿಗೆ ನಂಬಿಕೆ ಬಂದಿಲ್ಲ, ನಾನು ಎಳೆಯವಳು, ಬಾಯಿಮಾತಿಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದಾರೆ! ಅದಕ್ಕೆ ಮದ್ದು ನನ್ನ ಹತ್ತಿರ ಇತ್ತು. ಗದ್ವಾಲದಲ್ಲಿ ನಮ್ಮ ಅತ್ತೆ ಇದ್ದರು. ಕೆಂಪು ಸೀರೆಯ, ಬೋಳು ತಲೆಯ, ಕಟ್ಟುನಿಟ್ಟಿನ ವಿಧವೆ. ಅವರ ಮಡಿಯ ಮುಂದೆ ಅರ್ಚಕರ ಹೆಂಡತಿಯದು ಏನೂ ಅಲ್ಲ. ಅವರೊಮ್ಮೆ ಬಂದು ನಿಂತರೆ ಪೇಷ್ಕಾರರೇ ಕೈಮುಗಿದು ಬೀಗದ ಕೈ ಕೊಡುತ್ತಾರೆ ಅಂದುಕೊಂಡೆ. ನನ್ನ ಬುದ್ಧಿಗೆ ಏನನ್ನಬೇಕು ಹೇಳಿ. ಮಡಿಯಿಂದ ತಪ್ಪಿಸಿಕೊಳ್ಳಲು ಮನೆ ಹುಡುಕಿದವಳು, ಮನೆಗಾಗಿ ಮಡಿಯ ತಾಯಿಬೇರನ್ನೇ ಕರೆಸಿದೆ.

ಅತ್ತೆ ಗದ್ವಾಲದಿಂದ ಹೊರಟು, ಹರಗೋಲಿನಲ್ಲಿ ಕೃಷ್ಣೆ ದಾಟಿ, ಮಕ್ತಲದಲ್ಲಿ ಒಂದು ದಿನ ತಂಗಿ, ಗಾಡಿಯಲ್ಲಿ ನಾರಾಯಣಪೇಟೆಗೆ ಬಂದರು. ಮಗ ಮನೆ ಕೊಳ್ಳುತ್ತಾನೆಂದು ಅವರಿಗೆ ಒಳಗೊಳಗೇ ಹಿಗ್ಗು. ಮುಖದ ಮೇಲೆ ತೋರಿಸಿಕೊಳ್ಳುವವರಲ್ಲ. "ನಾನೂ ಇನ್ನ ಇಲ್ಲೇ ಇರ್ತೀನಿ, ಒಬ್ಬಾಕಿ ಅಲ್ಲಿ ಎಷ್ಟು ದಿನ ಇರಲಿ" ಅಂದರು. ಆ ಮಾತಿಗೆ ನಮ್ಮವರ ಕಣ್ಣು ತುಂಬಿದವು. ತಂದೆ ಹೋದಾಗಿನಿಂದ ತಾಯಿಯನ್ನು ಕರೆಯುತ್ತಲೇ ಇದ್ದರು, ಬಾಡಿಗೆ ಮನೆಗೆ ಆಕೆ ಬರುವವರಲ್ಲ. ಹಾಗಾಗಿ ಈಗ ಮನೆಯ ವಿಚಾರ ನನ್ನೊಬ್ಬಳದೇ ಆಗಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆಯೇ, ಪೇಷ್ಕಾರರು ಬರಬೇಡಿ ಅಂದಿದ್ದ ಹೊತ್ತಿಗೇ, ನಾನು ಅತ್ತೆಯನ್ನು ಕರೆದುಕೊಂಡು ಹೊರಟೆ.

ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅತ್ತೆ ಯಾರನ್ನೂ ಕೇಳದೆ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ನೆಟ್ಟಗೆ ಹಿಂದಿನ ಬಾವಿಗೆ ಹೋದರು. ಮನೆ ನೋಡುವುದೆಂದರೆ ಅವರ ಲೆಕ್ಕದಲ್ಲಿ ನೀರು ನೋಡುವುದು. ನಾನು ಅವರ ಬೆನ್ನಿಗೇ ಇದ್ದೆ. ತಾಂಡೂರಿನ ಬಂಡೆ ಹಾಸಿದ ಚೊಕ್ಕ ಅಂಗಳ, ಒಂದು ಮೂಲೆಯಲ್ಲಿ ತುಳಸಿ, ನಡುವೆ ಬಾವಿ. ಬಾವಿಯ ಮೇಲೆ ಬಗ್ಗಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ನೀರು ಸೇದುತ್ತಿದ್ದಳು ಒಬ್ಬ ಮುಸಲ್ಮಾನರ ಹೆಂಗಸು. ಅವಳ ಹಿಂದೆ, ಪಕ್ಕದ ಮನೆಯ ಗೋಡೆಯಲ್ಲಿ, ಅಲಮಾರಿಯ ಹಾಗೆ ಎರಡು ಮರದ ಕದಗಳು. ಕದ ತೆರೆದಿದ್ದವು, ಒಳಗೆ ಹಲಗೆಯೂ ಇಲ್ಲ, ಗೂಡೂ ಇಲ್ಲ. ಆಚೆ ಮನೆಯ ಅಂಗಳ ನೇರ ಕಾಣುತ್ತಿತ್ತು. ಪೇಷ್ಕಾರರು ತುಳಸಿಯ ಹತ್ತಿರ ಕೂತು ಹೂ ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಎದ್ದವರು ಹಾಗೆಯೇ ನಿಂತುಬಿಟ್ಟರು.

ನನಗೂ ಎದೆ ಝಲ್ಲೆಂದಿತು, ಸುಳ್ಳು ಹೇಳಲಾರೆ. ಅತ್ತೆ "ನಾರಾಯಣ ನಾರಾಯಣ" ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಾಲು ತುಳಿದರು. ಆ ಹೆಂಗಸಿನ ಪಾಡು ನೋಡಬೇಕಿತ್ತು. ಕೊಡ ಅರ್ಧ ಬಾವಿಯಲ್ಲಿ ನೇತಾಡುತ್ತಿದೆ, ಮೇಲೆಳೆಯಲು ಧೈರ್ಯವಿಲ್ಲ, ಬಿಟ್ಟರೆ ಕೊಡ ಹೋಗುತ್ತದೆ. ಹಗ್ಗ ಅಂಗೈಯನ್ನು ಕೊರೆಯುತ್ತಿತ್ತು. "ರಾಯರ, ನಾ ಹೊಕ್ಕೀನ್ರಿ, ಇನ್ನ ಬರೂದಿಲ್ರಿ" ಅಂದಳು, ಆದರೆ ಹೋಗುವುದು ಹೇಗೆ? ನನಗೆ ಯಾಕೋ ಎಲ್ಲರ ಮೇಲೂ ಒಟ್ಟಿಗೇ ಸಿಟ್ಟು ಬಂತು. "ಮೊದಲ ಆ ಕೊಡ ಮ್ಯಾಲ ಎಳಕೋರಿ, ಕೈ ಕೊಯ್ಯಲಿಕತ್ತದ!" ಎಂದು ಕೂಗಿದೆ. ಅವಳು ಎಳೆದುಕೊಂಡಳು. ಕೊಡ ಹೊತ್ತು ಆ ಕದಗಳ ಒಳಗೆ ಹೋಗಿ ಮರೆಯಾದಳು.

ಆಮೇಲೆ ಪೇಷ್ಕಾರರು ಬಾಯಿ ಬಿಟ್ಟರು. ಅವಳು ಪಕ್ಕದ ಮನೆಯ ಬೀಬಮ್ಮ. ನಿಜಾಮರ ಕಡೆಯ ರಜಾಕಾರರ ಹಾವಳಿ ಜೋರಾಗಿದ್ದಾಗ ಪೇಷ್ಕಾರರೇ ರಾತ್ರೋರಾತ್ರಿ ಆ ಗೋಡೆ ಒಡೆದು ಕಂಡಿ ಮಾಡಿ, ತಮ್ಮ ಹೆಂಡತಿಯನ್ನು ಆಚೆ ದಾಟಿಸಿದ್ದರು. ಮುಸಲ್ಮಾನರ ಮನೆಯಲ್ಲಿ ಯಾರೂ ಹುಡುಕುವುದಿಲ್ಲವಲ್ಲ. ಮಡಿ ಬಿಟ್ಟು ಏನನ್ನೂ ಮುಟ್ಟದ ಆಕೆ ಬೀಬಮ್ಮನ ಕೈಯ ಗಂಜಿ ಕುಡಿದು ಅಲ್ಲಿ ಅಡಗಿದ್ದರಂತೆ. ಆಮೇಲೆ ಪೊಲೀಸ್ ಆಕ್ಷನ್ ಆಯಿತು, ಗಾಳಿ ತಿರುಗಿತು. ಈಗ ಹೆದರುವ ಸರದಿ ಬೀಬಮ್ಮನದು. ಅವಳ ಮಗ ಹೈದರಾಬಾದಿಗೆಂದು ಹೋದವನು ತಿರುಗಿ ಬರಲಿಲ್ಲ. ಅವಳು ಬೀದಿಗೆ ಕಾಲಿಡುವುದನ್ನೇ ಬಿಟ್ಟಳು. ಬೀದಿಗೆ ಬರದವಳು ಊರ ಸೇದುಬಾವಿಗೆ ಹೇಗೆ ಹೋಗಬೇಕು? ಆ ಕಂಡಿಯಿಂದಲೇ ಬಂದು ಈ ಬಾವಿಯ ನೀರು ಒಯ್ಯುತ್ತಿದ್ದಳು. "ಆವಾಗ ನಮ್ಮಾಕಿ ಆ ಕಡೆ ಹೋದಳು, ಈಗ ಆಕಿ ಈ ಕಡೆ ಬರ್ತಾಳ" ಅಂದರು ಪೇಷ್ಕಾರರು. "ಮನಿ ಮಾರಬೇಕು, ಖರೆ. ಆದ್ರ ಮಡಿಯವರಿಗೆ ಮಾರಿದರ ಮರುದಿನಾನ ಕಂಡಿ ಮುಚ್ಚತಾರ. ಅದಕ್ಕ ಬಂದವರಿಗೆಲ್ಲಾ ಮೊದಲ ಮಡಿ ಕೇಳ್ತಿದ್ದೆ. ಮಾಸ್ತರು ಮೆತ್ತನ್ನ ಮನಷಾ, ಇವರಿಗೇ ಕೊಡೋಣಂದ್ರ, ಈ ನಿಮ್ಮ ಸೊಸಿ ಬಂದ ಬಂದಾಗೆಲ್ಲಾ ಮಡಿ ಪುರಾಣ ಹೇಳ್ತಾಳ!"

ನನಗೆ ತಡೆಯಲಾಗಲಿಲ್ಲ. "ನನಗೆಲ್ಲಿ ಮಡಿ ರಾಯರ? ಮಡಿ ಅಂದ್ರ ನನಗ ತಲಿಶೂಲಿ! ಆ ಅರ್ಚಕರ ಹೇಣ್ತಿ ಕಾಟಕ್ಕ ಮನಿ ಹುಡುಕಲಿಕ್ಕೆ ಹತ್ತೇನಿ. ನಾ ಹೇಳಿದ್ದೆಲ್ಲಾ ಸುಳ್ಳು!" ಅಂದುಬಿಟ್ಟೆ, ಅತ್ತೆ ಪಕ್ಕದಲ್ಲೇ ನಿಂತಿದ್ದಾರೆ ಎಂಬ ಖಬರಿಲ್ಲದೆ. ಪೇಷ್ಕಾರರು ಹಣೆ ಬಡಿದುಕೊಂಡರು. "ಇದನ್ನ ಮೊದಲ ದಿನಾನ ಹೇಳಬಾರದೇನು ತಾಯಿ? ಇಷ್ಟು ದಿನ ನನ್ನ ಮನಿ ನಾನ ಬೈಕೊಂತ ಕೂತೆನಲ್ಲ! ನೀರು ಸವಳಂತ, ಹಾವಂತ... ಅಜ್ಜ ಕಟ್ಟಿಸಿದ ಮನಿರೀ ಇದು!" ಅವರಿಗೆ ನಿಜವಾಗಿಯೂ ಅಳು ಬಂದಿತ್ತು. ನನಗೆ ನಗು ಬಂತು, ಸಿಟ್ಟೂ ಬಂತು. ಇಷ್ಟು ದಿನ ಇಬ್ಬರೂ ಒಂದೇ ಮಾತು ಮುಚ್ಚಿಟ್ಟುಕೊಂಡು ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದೆವಲ್ಲ!

ಅತ್ತೆಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಮಗನನ್ನು ಕರೆಸಿ ಪೇಷ್ಕಾರರ ಮುಂದೆಯೇ ಹೇಳಿದರು: "ಈ ಮನಿ ತಗೊಂಡ್ರ, ಇಲ್ಲಿಯ ಹನಿ ನೀರು ನನ್ನ ಗಂಟಲದಾಗ ಇಳಿಯೂದಿಲ್ಲ. ಯೋಚನಿ ಮಾಡು." ತಾಯಿಯ ಮಾತನ್ನು ನಮ್ಮವರು ಅಲ್ಲಿಯವರೆಗೆ ಮೀರಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಬಾವಿಯ ಕಡೆ ನೋಡಿದರು, ಕಂಡಿಯ ಕಡೆ ನೋಡಿದರು. "ಅವ್ವ, ಆಕಿ ನೀರಿಗೆ ಎಲ್ಲಿ ಹೋಗಬೇಕು?" ಎಂದು ಮಾತ್ರ ಕೇಳಿದರು. ಅತ್ತೆ ಮರುದಿನವೇ ಗದ್ವಾಲಕ್ಕೆ ಹೊರಟುಹೋದರು. ಮಗನ ಜೊತೆ ಇರುತ್ತೇನೆ ಅಂದಿದ್ದ ಮಾತು ಅಲ್ಲಿಗೇ ಮುಗಿಯಿತು. ಮನೆ ನಮ್ಮದಾಯಿತು, ಆದರೆ ಖರೀದಿಪತ್ರವಾದ ದಿನ ನಮ್ಮ ಮನೆಯಲ್ಲಿ ಯಾರೂ ಸಿಹಿ ತಿನ್ನಲಿಲ್ಲ.

ಪತ್ರ ಅಂದರೆ ಸುಲಭವಾಗಿ ಆಯಿತೆಂದುಕೊಳ್ಳಬೇಡಿ. ಪೇಷ್ಕಾರರು ಪೇಷ್ಕಾರರೇ. ಕಂಡಿ ಮುಚ್ಚಬಾರದು, ಬಾವಿಗೆ ಬೀಗ ಹಾಕಬಾರದು, ಮತ್ತೆ ಈ ಎರಡನ್ನೂ ಪತ್ರದಲ್ಲಿ ಬರೆಯಬಾರದು ಎಂದು ಹಟ ಹಿಡಿದರು. "ಬರೆದರ ಕಚೇರಿಯವರು ಓದ್ತಾರ ಮಾಸ್ತರ. ಕಚೇರಿ ಅಂದ್ರೇನಂತ ನನಗ ಗೊತ್ತದ" ಅಂದರು. ಹೊಸ ಸರ್ಕಾರದ ಹೊಸ ಗುಮಾಸ್ತ ಮನೆ ಅಳೆಯಲು ಬಂದು ಕಟ್ಟೆ ನೋಡಿ ಹೌಹಾರಿದ, ಓಣಿಗೆ ಬಂದಷ್ಟು ಒಡೆಯಬೇಕು ಅಂದ. ಒಡೆಸಿದೆವು. ಒಲೆಯ ಪಕ್ಕದ ಮೆಟ್ಟಿಲು ನೋಡಿ ನಕ್ಕ. ಹಿಂದೆ ಬಂದು ಆ ಎರಡು ಕದಗಳ ಮುಂದೆ ನಿಂತು, "ಇದೇನ್ರಿ, ಪಕ್ಕದ ಮನಿಗೆ ಬಾಗಿಲಾ?" ಅಂದ.  ಜನ್ಮದಲ್ಲಿ ಸುಳ್ಳಾಡದ ನಮ್ಮವರು ಮುಖ ಬದಲಿಸದೆ "ಅಲಮಾರಿ" ಅಂದರು. ಗುಮಾಸ್ತ ಕದ ತೆರೆದ. ಬೀಬಮ್ಮ ಹೇಗೆ ಕೇಳಿಸಿಕೊಂಡಿದ್ದಳೋ, ಕಂಡಿಯ ತುಂಬ ಹಾಸಿಗೆ ಸುರುಳಿಗಳನ್ನು ಒಟ್ಟಿಬಿಟ್ಟಿದ್ದಳು. "ಅಲಮಾರಿನ ಐತಿ" ಎಂದು ಅವನು ಬರೆದುಕೊಂಡು ಹೋದ. ಪೇಷ್ಕಾರರು ಅದೇ ವಾರ ಮಂತ್ರಾಲಯಕ್ಕೆ ಹೊರಟರು. ಹೋಗುವಾಗ ಬೀಬಮ್ಮನ ವಿಷಯ ಒಂದು ಮಾತೂ ಆಡಲಿಲ್ಲ. "ರಾಟಿಗೆ ಎಣ್ಣಿ ಹಾಕ್ರಿ" ಅಂದರು, ಅಷ್ಟೆ.

ನನ್ನ ಬಾವಿ, ನನ್ನ ಅಂಗಳ ಅಂದಿದ್ದೆನಲ್ಲ? ಬಾವಿ ಇಬ್ಬರದಾಯಿತು. ಅರ್ಚಕರ ಹೆಂಡತಿ ಸುದ್ದಿ ಕೇಳಿ ನಮ್ಮ ಓಣಿಗೆ ಬರುವುದನ್ನೇ ಬಿಟ್ಟಳು, ಆ ಮಟ್ಟಿಗೆ ಒಳ್ಳೆಯದೇ ಆಯಿತು. ಬೀಬಮ್ಮ ನಸುಕಿನಲ್ಲಿಯೇ ಬಂದು ಸದ್ದಿಲ್ಲದೆ ನೀರು ಒಯ್ದು ಹೋಗುವಳು. ದಿನ ಕಳೆದಂತೆ ಮಾತು ಬೆಳೆಯಿತು. ನಾನು ಬಸುರಿಯಾದಾಗ ಹುಣಸೆಯ ಚಿಗುರು ತಂದುಕೊಟ್ಟವಳು ಅವಳೇ. ಆದರೆ ಮಗ ಹುಟ್ಟಿದಾಗ ಅತ್ತೆ ಬಂದದ್ದು ಹೇಗೆ ಅಂತೀರಿ? ತಾಮ್ರದ ಕೊಡದಲ್ಲಿ ಕೃಷ್ಣೆಯ ನೀರು ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದರು. ಕುಡಿಯಲು ಅದೇ ನೀರು, ತಮ್ಮ ಅಡುಗೆಗೂ ಅದೇ ನೀರು. ಸ್ನಾನಕ್ಕೆ ಹಂಡೆಯ ತುಂಬ ನಮ್ಮ ಬಾವಿಯ ನೀರು ತುಂಬಿಸಿ ಅದಕ್ಕೆ ಕೃಷ್ಣೆಯ ನೀರು ನಾಲ್ಕು ಹನಿ ಹಾಕಿಕೊಳ್ಳುವರು. ಆಗ ಹಂಡೆಯೆಲ್ಲ ಕೃಷ್ಣೆಯೇ ಆಗುತ್ತದಂತೆ. "ಹಂಗಾದ್ರ ಆ ನಾಲ್ಕು ಹನಿ ಬಾವಿಗೇ ಹಾಕ್ರಿ ಅತ್ತಿ, ಬಾವೀನೂ ಕೃಷ್ಣಿ ಆಗಲಿ" ಅಂದೆ. ಕೆಕ್ಕರಿಸಿ ನೋಡಿದರು. ಕೊಡ ಬರಿದಾದ ದಿನ ಕೂಸಿನ ತಲೆ ನೇವರಿಸಿ, ಖಾಲಿ ಕೊಡ ಎತ್ತಿಕೊಂಡು ಹೊರಟರು. ಪ್ರತಿ ವರ್ಷ ಹೀಗೇ. ನಮ್ಮವರು ಕೊಡವನ್ನು ಓರೆಗಣ್ಣಿನಿಂದ ನೋಡುತ್ತಿದ್ದರು, ಎಷ್ಟು ಉಳಿದಿದೆ ಎಂದು. ತಾಯಿ ಎಷ್ಟು ದಿನ ಇರುತ್ತಾರೆ ಎಂಬ ಲೆಕ್ಕ ಆ ಕೊಡದಲ್ಲಿತ್ತು. ಮಕ್ಕಳು ಅಜ್ಜಿಯನ್ನು ಹೋಗಬೇಡ ಅಂದರೆ "ನೀರು ತೀರಿತಲ್ಲ ಕೂಸ" ಅನ್ನುವರು. ನನಗೆ ಆ ತಾಮ್ರದ ಕೊಡ ಎತ್ತಿ ಬಾವಿಗೆ ಹಾಕಿಬಿಡಬೇಕು ಅನ್ನಿಸುತ್ತಿತ್ತು.

ಹೀಗೆ ಎಷ್ಟೋ ವರ್ಷ ಹೋದವು. ಒಂದು ವರ್ಷ ಅತ್ತೆ ಬಂದಾಗ ಬಹಳ ಸೊರಗಿದ್ದರು. ಕೊಡವನ್ನು ಗಾಡಿಯವನೇ ಇಳಿಸಿದ. ದಿನ ಕಳೆದವು, ವಾರ ಕಳೆಯಿತು, ಅತ್ತೆ ಹೊರಡುವ ಮಾತೇ ಆಡಲಿಲ್ಲ. ಕೊಡ ಇಣುಕಿ ನೋಡಿದರೆ ಕಂಠದವರೆಗೆ ನೀರು. ಇದೇನು ಆಶ್ಚರ್ಯ ಎಂದು ಒಂದು ನಸುಕಿನಲ್ಲಿ ಎದ್ದು ಹಿಂದೆ ಹೋದೆ. ರಾಟೆ ಸದ್ದಿಲ್ಲದೆ ತಿರುಗುತ್ತಿತ್ತು. ಬೀಬಮ್ಮ ನೀರು ಸೇದಿ, ಎತ್ತರದಿಂದ ಸುರಿಯುತ್ತಿದ್ದಾಳೆ. ಅತ್ತೆ ಕೆಳಗೆ ಕೂತು, ತಾಮ್ರದ ಕೊಡದ ಬಾಯಿಗೆ ತಮ್ಮ ಕೆಂಪು ಸೆರಗು ಹಿಡಿದು ಸೋಸಿಕೊಳ್ಳುತ್ತಿದ್ದಾರೆ. "ಸಾಕೇನ್ರಿ ದೊಡ್ಡಮ್ಮಾರ, ಇನ್ನೊಂದು ಕೊಡ ಸೇದ್ಲೇನು?" ಅಂದಳು ಬೀಬಮ್ಮ. "ಸೇದು, ಸೇದು. ಮಧ್ಯಾಹ್ನ ಹುಡುಗರಿಗೆ ಹೋಳಿಗಿ ಮಾಡಬೇಕು" ಅಂದರು ಅತ್ತೆ. ಆಗ ತಿರುಗಿ ನನ್ನನ್ನು ನೋಡಿದರು. ನಾಚಿಕೆಪಟ್ಟರೇನು ಅಂತೀರಿ? ಛೇ! "ಏನು ನೋಡ್ತಿ? ದೂರ ಸರಿ. ಮುಟ್ಟಬ್ಯಾಡ, ಮಡಿನೀರದು. ನಿಂದಿನ್ನೂ ಸ್ನಾನ ಆಗಿಲ್ಲ!"

ನಮ್ಮವರಿಗೆ ಹೇಳಿದೆ. ಅವರು ಒಲೆಯ ಪಕ್ಕದ ಮೆಟ್ಟಿಲು ಹತ್ತಿ ಮಾಳಿಗೆಯ ಕೋಣೆಗೆ ಹೋಗಿ ಬಹಳ ಹೊತ್ತು ಕೂತರು. ಅತ್ತೆ ಆ ಸಲ ತಿರುಗಿ ಹೋಗಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿಯೇ ಕಣ್ಣು ಮುಚ್ಚಿದರು. ಕಡೆಯ ಗಳಿಗೆಯಲ್ಲಿ ತುಳಸಿದಳ ಅದ್ದಿ ಬಾಯಿಗೆ ಬಿಡಲು ನಮ್ಮವರು "ಕೃಷ್ಣಿ ನೀರು ತಾ" ಅಂದರು. ನಾನು ಆ ತಾಮ್ರದ ಕೊಡದಿಂದಲೇ ತಂದುಕೊಟ್ಟೆ. ಬೀಬಮ್ಮ ಕಂಡಿಯ ಆಚೆ ನಿಂತು ಅಳುತ್ತಿದ್ದಳು. ಹನಿ ನೀರು ಗಂಟಲಲ್ಲಿ ಇಳಿಯಿತು.

ಈ ಕಥೆಯನ್ನು ನಾನು ಯಾವಾಗಲೂ ಪೇಷ್ಕಾರರ ಮೇಲಿನ ಸಿಟ್ಟಿನಿಂದ ಶುರು ಮಾಡುತ್ತೇನೆ. ಇವತ್ತು ನಿಮಗೆ ಹೇಳುತ್ತಾ ಹೇಳುತ್ತಾ ನೋಡಿದರೆ ಅವರ ಮೇಲೆ ಸಿಟ್ಟೇ ಉಳಿದಿಲ್ಲ. ಈಗ ನನಗೆ ಅತ್ತೆಯ ಆಗಿನ ವಯಸ್ಸು ದಾಟಿದೆ, ಕೈಯಲ್ಲಿ ತಂಬಿಗೆ ನಿಲ್ಲುವುದಿಲ್ಲ, ಸಿಟ್ಟೆಲ್ಲ ಅತ್ತೆಯ ಮೇಲೆಯೇ. ಆ ಕೊಡವನ್ನು ಮೊದಲ ವರ್ಷವೇ ತುಂಬಿಸಿಕೊಳ್ಳಬಾರದಿತ್ತೇ? ಯಾರು ಬೇಡ ಅಂದಿದ್ದರು? ತುಂಬಿಸಿಕೊಂಡಿದ್ದರೆ ನನ್ನ ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಿದ್ದರು, ಅವರ ಮಗ ಊಟ ಮಾಡುವಾಗ ಬಾಗಿಲ ಕಡೆ ನೋಡುತ್ತಿರಲಿಲ್ಲ. ಎಷ್ಟು ವರ್ಷ, ಎಷ್ಟು ವರ್ಷ ಸುಮ್ಮನೆ ಹಾಳಾದವು! ನನಗೆ ಅವರ ಮೇಲೆ ಬಹಳ ಸಿಟ್ಟಿದೆ. ಬಂದು ಇನ್ನೊಂದು ಸಲ "ದೂರ ಸರಿ, ಮುಟ್ಟಬ್ಯಾಡ" ಅಂತ ಬೈಯಬಾರದೇ ಅತ್ತೆ?